ಪೈಪ್‌ಗೆ ಟ್ಯೂಬ್ ಸುತ್ತೋದು ರಿಪೇರಿ ಅಲ್ಲ

ಮೋಟರ್‌ಹೋಮ್ ಅಂದ್ರೆ ನಮಗೆ ನೆನಪಾಗೋದು ಯೂಟ್ಯೂಬ್ ವಿಡಿಯೋಗಳು. ಹಾಸಿಗೆ, ಒಲೆ, ಸಿಂಕ್ ಎಲ್ಲಾ ಇರುವ ದೊಡ್ಡ ವ್ಯಾನಿನಲ್ಲಿ ಯಾರೋ ದೇಶ ಸುತ್ತುತ್ತಿರುತ್ತಾರೆ. ಆದರೆ ಒಲೆ ಇರುವ ಗಾಡಿಗಳು ಮಂಡ್ಯ, ಮದ್ದೂರು, ಮಳವಳ್ಳಿಯಲ್ಲೂ ಇವೆ. ನಾವು ಅದಕ್ಕೆ ಮೋಟರ್‌ಹೋಮ್ ಅನ್ನಲ್ಲ, ಇಡ್ಲಿ ಗಾಡಿ ಅಂತೀವಿ, ಅಷ್ಟೇ ವ್ಯತ್ಯಾಸ. ಹಳೇ ಓಮ್ನಿಯ ಹಿಂದಿನ ಸೀಟು ತೆಗೆದು, ಒಂದು ಸಿಲಿಂಡರ್, ಎರಡು ಒಲೆ ಇಟ್ಟರೆ ಬೆಳಿಗ್ಗೆ ಇಡ್ಲಿ ಚಿತ್ರಾನ್ನ, ಸಂಜೆ ಗೋಬಿ ಮಂಚೂರಿ. ಒಂದು ಮನೆಯ ಸಂಸಾರ ಆ ಗಾಡಿ ಮೇಲೆ ನಡೆಯುತ್ತೆ.

ಆ ಗಾಡಿಯ ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆ ಅನ್ನೋದು ಮಾತ್ರ ಯಾರಿಗೂ ನೆನಪಿರಲ್ಲ. ಓಮ್ನಿ ತಯಾರಿಕೆ ನಿಂತಿದ್ದು 2019ರಲ್ಲಿ. ಅಂದರೆ ಇವತ್ತು ರಸ್ತೆ ಮೇಲಿರೋ ಪ್ರತಿ ಓಮ್ನಿಯೂ ಹಳೇದೇ, ಅದರ ರಬ್ಬರ್ ಕೂಡ. ನಾನು ಹೇಳಬೇಕು ಅಂತಿರೋದು ಇಷ್ಟೇ: ಪೆಟ್ರೋಲ್ ಪೈಪ್ ಸೋರಿದರೆ ಅದಕ್ಕೆ ಸುತ್ತಬಾರದು, ಅಂಟಿಸಬಾರದು, ಬದಲಾಯಿಸಬೇಕು. ಯಾವ ಪೈಪ್ ಹಾಕಬೇಕು ಅನ್ನೋ ಮಾಹಿತಿ ಅಂಗಡಿ ಕೌಂಟರ್‌ನಲ್ಲಿ, ಗ್ಯಾರೇಜ್ ಗೋಡೆ ಮೇಲೆ ಕನ್ನಡದಲ್ಲಿ ಇರಬೇಕು.

ಮೊದಲು ವಿಷಯ ತಿಳ್ಕೊಳ್ಳೋಣ. ಬಂಕ್‌ನಲ್ಲಿ ಮುಚ್ಚಳ ತೆಗೆದು ಪೆಟ್ರೋಲ್ ಹಾಕಿಸುವ ಬಾಯಿಗೂ ಕೆಳಗಿನ ಟ್ಯಾಂಕಿಗೂ ನಡುವೆ ಒಂದು ದಪ್ಪ ರಬ್ಬರ್ ಪೈಪ್ ಇರುತ್ತೆ, ಅದು ಫಿಲ್ಲರ್ ಪೈಪ್. ಜೊತೆಗೆ ಒಂದು ತೆಳು ಪೈಪ್, ಅದು ವೆಂಟ್. ಸಣ್ಣ ಬಾಯಿಯ ಬಿಂದಿಗೆಯನ್ನ ನೀರಲ್ಲಿ ಅದ್ದಿದರೆ ಬುಳಬುಳ ಅಂತ ಗಾಳಿ ಹೊರಗೆ ಬಂದ ಮೇಲೇ ನೀರು ಒಳಗೆ ಹೋಗೋದು. ಟ್ಯಾಂಕ್ ಕೂಡ ಹಾಗೇ. ಒಳಗಿನ ಗಾಳಿ ಹೊರಗೆ ಬರೋಕೆ ದಾರಿ ವೆಂಟ್ ಪೈಪ್. ಅದು ಮಡಚಿಕೊಂಡರೆ ಅಥವಾ ಕಟ್ಟಿಕೊಂಡರೆ ಪೆಟ್ರೋಲ್ ಬಾಯಿಗೇ ವಾಪಸ್ ಉಕ್ಕುತ್ತೆ. ಬಂಕ್‌ನ ನಾಝಲ್ ತುದಿಯಲ್ಲಿ ಒಂದು ಸಣ್ಣ ತೂತಿರುತ್ತೆ, ಅದನ್ನ ಪೆಟ್ರೋಲ್ ಮುಚ್ಚಿದ ಕೂಡಲೇ ನಾಝಲ್ ಟಕ್ ಅಂತ ನಿಲ್ಲುತ್ತೆ. ಟ್ಯಾಂಕ್ ಖಾಲಿ ಇದ್ರೂ ಟಕ್ ಟಕ್ ಅಂತ ಪದೇ ಪದೇ ನಿಂತರೆ ಬಂಕ್ ಹುಡುಗನ್ನ ಬೈಯ್ಯಬೇಡಿ, ವೆಂಟ್ ಪೈಪ್ ನೋಡಿಸಿ.

ಈ ಲೀಕ್ ಬೇಗ ಗೊತ್ತಾಗದೇ ಇರೋದಕ್ಕೆ ನಮ್ಮ ಕಡೆ ಒಂದು ಕಾರಣ ಇದೆ. ಇಲ್ಲಿ ಎಷ್ಟು ಜನ ಫುಲ್ ಟ್ಯಾಂಕ್ ಹಾಕಿಸ್ತಾರೆ? ಇನ್ನೂರು, ಐನೂರು ರೂಪಾಯಿಗೆ ಹಾಕಿಸಿಕೊಂಡು ಓಡಿಸೋದೇ ಜಾಸ್ತಿ. ಫಿಲ್ಲರ್ ಪೈಪ್ ಬಹುಪಾಲು ಪೆಟ್ರೋಲ್ ಮಟ್ಟಕ್ಕಿಂತ ಮೇಲಿರೋದರಿಂದ, ಅದು ಬಿರುಕು ಬಿಟ್ಟಿದ್ರೂ ಹನಿ ಬೀಳಲ್ಲ. ಬರೀ ಆವಿ ಹೊರಗೆ ಬರುತ್ತೆ, ಸ್ವಲ್ಪ ವಾಸನೆ ಬರುತ್ತೆ. ‘ಹಳೇ ಗಾಡಿ, ವಾಸನೆ ಇದ್ದಿದ್ದೇ’ ಅಂತ ಬಿಡ್ತಾರೆ. ಆಮೇಲೆ ಒಂದು ದಿನ ಮನೆಯವರೆಲ್ಲಾ ಮಾದೇಶ್ವರನ ಬೆಟ್ಟಕ್ಕೆ ಹೊರಟು ಮಳವಳ್ಳಿಯಲ್ಲಿ ಟ್ಯಾಂಕ್ ತುಂಬಿಸಿದಾಗ, ಕೊಳ್ಳೇಗಾಲ ದಾಟಿ ಘಾಟಿ ತಿರುವಲ್ಲಿ ಪೆಟ್ರೋಲ್ ಸುರಿಯೋಕೆ ಶುರು.

ಕಾಣದ ಆವಿಯೇ ಹೆಚ್ಚು ಅಪಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಹೊಗೆ ಥರ ಮೇಲೆ ಹೋಗಲ್ಲ, ನೆಲದ ಮೇಲೆ, ಗಾಡಿ ಕೆಳಗೆ ಹರಡಿಕೊಳ್ಳುತ್ತೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಇದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಈಗ ಆ ಗಾಡಿಯಲ್ಲೇ ಒಲೆ ಉರೀತಿದೆ, ಸುತ್ತ ಹತ್ತು ಜನ ತಟ್ಟೆ ಹಿಡ್ಕೊಂಡು ನಿಂತಿದ್ದಾರೆ ಅಂದ್ಕೊಳ್ಳಿ. ಹೆದರಿಸೋಕೆ ಹೇಳ್ತಿಲ್ಲ. ಆದರೆ ಇದು ‘ನಾಳೆ ನೋಡೋಣ’ ಅನ್ನೋ ಕೆಲಸ ಅಲ್ಲ.

ಸೋರುವ ಪೈಪ್‌ಗೆ ನಮ್ಮಲ್ಲಿ ಮಾಡೋ ಮದ್ದು ಮೂರು. ಒಂದು, ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತೋದು. ಎರಡು, ಎಂ-ಸೀಲ್ ಮೆತ್ತೋದು. ಮೂರು, ಅಳತೆಗೆ ಸರಿಹೋಗೋ ರೇಡಿಯೇಟರ್ ಪೈಪ್ ತಂದು ಹಾಕೋದು. ಮೂರೂ ತಪ್ಪು. ಯಾಕೆ ಅನ್ನೋದು ಪಂಚರ್ ಅಂಗಡಿಯಲ್ಲೇ ಗೊತ್ತಾಗುತ್ತೆ. ಅಲ್ಲಿರೋ ಸಲ್ಯೂಷನ್ ಏನು? ಪೆಟ್ರೋಲ್‌ನಂಥ ದ್ರಾವಕದಲ್ಲಿ ಕರಗಿಸಿದ ರಬ್ಬರ್. ಅಂಥಾ ಟ್ಯೂಬ್ ಪೆಟ್ರೋಲ್ ತಾಗಿದರೆ ಊದಿಕೊಂಡು ಮೆತ್ತಗಾಗುತ್ತೆ. ಎಂ-ಸೀಲ್ ಗಟ್ಟಿ, ಪೈಪ್ ಬಾಗುತ್ತೆ, ಗಾಡಿ ಅಲುಗಾಡುತ್ತೆ. ಎರಡು ಹಂಪ್ ಹಾರಿಸಿದರೆ ಮೆತ್ತಿದ್ದು ಬಿಟ್ಟುಕೊಳ್ಳುತ್ತೆ. ಇನ್ನು ರೇಡಿಯೇಟರ್ ಪೈಪ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಬಿಸಿನೀರಿಗೆ ಅದು ರಾಜ, ಪೆಟ್ರೋಲ್‌ಗೆ ಆಗಲ್ಲ. ನೋಡೋಕೆ ಎರಡೂ ಕಪ್ಪು, ಎರಡೂ ದುಂಡು, ಒಳಗಿನ ಕೆಮಿಸ್ಟ್ರಿ ಬೇರೆ. ಫಸ್ಟ್ ಇಯರ್ ಕೆಮಿಸ್ಟ್ರಿಯ ಪಾಲಿಮರ್ ಪಾಠ ಯಾವ ಕೆಲಸಕ್ಕೆ ಬರುತ್ತೆ ಅಂತ ಕೇಳೋರಿಗೆ ಇದೇ ಉತ್ತರ.

ಈಗ ಎಥನಾಲ್ ವಿಷಯ. ಮಂಡ್ಯದಲ್ಲಿ ಇದನ್ನ ಬಿಟ್ಟು ಮಾತಾಡೋಕೆ ಆಗಲ್ಲ. 1933ರಲ್ಲಿ ಶುರುವಾದ ಮೈಷುಗರ್‌ನ ಊರು ನಮ್ಮದು. ಮದ್ದೂರಿಂದ ಮಳವಳ್ಳಿಗೆ ಹೋಗ್ತಾ ಕೆ.ಎಂ. ದೊಡ್ಡಿ ಹತ್ತಿರ ಕಬ್ಬಿನ ಗಾಡಿಗಳ ಸಾಲಲ್ಲಿ ಸಿಕ್ಕಿಹಾಕಿಕೊಳ್ಳದವರು ಕಡಿಮೆ. ಕಬ್ಬಿನ ಹಾಲಿಂದ, ಕಾಕಂಬಿಯಿಂದ ಎಥನಾಲ್ ಮಾಡಬಹುದು. ಈಗ ಮೆಕ್ಕೆಜೋಳ, ಅಕ್ಕಿಯಿಂದಲೂ ಮಾಡ್ತಾರೆ. 2022ರಲ್ಲಿ ದೇಶದ ಪೆಟ್ರೋಲ್‌ನಲ್ಲಿ ಶೇ. 10 ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಶೇ. 20ರ ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ. 2025ರ ಹೊತ್ತಿಗೆ ಶೇ. 20 ಎಲ್ಲಾ ಕಡೆ ಬಂತು.

ವಾಟ್ಸಾಪ್‌ನಲ್ಲಿ ಇದರ ಬಗ್ಗೆ ಎರಡು ಪಾರ್ಟಿ. ಒಂದು ಪಾರ್ಟಿ ‘ಎಥನಾಲ್ ಗಾಡಿ ಹಾಳು ಮಾಡ್ತು’ ಅನ್ನುತ್ತೆ, ಇನ್ನೊಂದು ‘ಎಥನಾಲ್ ವಿರುದ್ಧ ಮಾತಾಡಿದ್ರೆ ರೈತನ ವಿರುದ್ಧ’ ಅನ್ನುತ್ತೆ. ನನಗೆ ಎರಡೂ ಪೂರ್ತಿ ಸರಿ ಅನ್ನಿಸಲ್ಲ. ಹದಿನೈದು ಇಪ್ಪತ್ತು ವರ್ಷದ ರಬ್ಬರ್ ಬರೀ ಪೆಟ್ರೋಲ್ ಹಾಕಿದ್ರೂ ಬಿಸಿಲಿಗೆ, ಶಾಖಕ್ಕೆ ಬಿರುಕು ಬಿಡ್ತಿತ್ತು. ಎಥನಾಲ್ ಆ ಕೆಲಸವನ್ನ ಬೇಗ ಮಾಡಬಹುದು. ಅದಕ್ಕಂತಲೇ ತಯಾರಾಗದ ರಬ್ಬರ್ ಒಳಗೆ ಅದು ಸೇರಿಕೊಂಡು ಊದಿಸುತ್ತೆ, ರಬ್ಬರನ್ನ ಮೆತ್ತಗಿಡೋ ವಸ್ತುವನ್ನ ಎಳೆದುಕೊಳ್ಳುತ್ತೆ. ಆಮೇಲೆ ಒಣಗಿದಾಗ ಪೈಪ್ ಗಡುಸಾಗಿ ಸೀಳುತ್ತೆ. ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ, ಕೆಲವು ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬೇಗ ಬದಲಾಯಿಸಬೇಕಾಗಬಹುದು, ಖರ್ಚು ಕಡಿಮೆ, ಸರ್ವಿಸ್ ಮಾಡುವಾಗಲೇ ಆಗುತ್ತೆ ಅಂದಿತು.

ನನ್ನ ತಕರಾರು ಇರೋದು ಇಲ್ಲೇ. ಸರ್ವಿಸ್ ಅಂದ್ರೆ ಎಲ್ಲಿ? ಇಡ್ಲಿ ಗಾಡಿ ಕಂಪನಿ ಶೋರೂಮಿಗೆ ಹೋಗಲ್ಲ, ರಸ್ತೆ ಬದಿ ಗ್ಯಾರೇಜಿಗೆ ಹೋಗುತ್ತೆ. ಅಲ್ಲಿ ಮೇಷ್ಟ್ರಿಗೆ ಕೈ ಕೆಲಸ ನಮಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಗೊತ್ತಿಲ್ಲದೇ ಇರೋದು ಪೈಪ್ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರೋದು ಮಾತ್ರ, ಅದನ್ನ ಯಾರೂ ಹೇಳಿಕೊಟ್ಟಿಲ್ಲ. ಎಸ್‌ಎಇ 30ಆರ್6 ಅಥವಾ 30ಆರ್7 ಅಂತಿದ್ರೆ ಅದು ಪೆಟ್ರೋಲ್‌ಗೆ ಅಂತ ಮಾಡಿದ ಪೈಪ್. 30ಆರ್9 ಇಂಜೆಕ್ಷನ್ ಗಾಡಿಗಳ ಒತ್ತಡದ ಲೈನ್‌ಗೆ. ಇದರ ಜೊತೆಗೆ, ಎಥನಾಲ್ ಪೆಟ್ರೋಲ್‌ಗೆ ಆಗುತ್ತಾ ಅಂತ ಕೇಳಿ ತಗೋಬೇಕು. ಏನೂ ಬರೆಯದ ಪೈಪ್ ಅಡಿ ಲೆಕ್ಕದಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ.

ಕೆಲಸ ಮಾಡುವಾಗ ಗಮನಿಸಬೇಕಾದ್ದೂ ಜಾಸ್ತಿ ಇಲ್ಲ. ಟ್ಯಾಂಕ್ ಆದಷ್ಟು ಖಾಲಿ ಇರಲಿ. ಸಿಲಿಂಡರ್ ಇಳಿಸಿ ದೂರ ಇಡಿ, ಬ್ಯಾಟರಿ ನೆಗೆಟಿವ್ ತೆಗೀರಿ, ಬಯಲಲ್ಲಿ ಮಾಡಿ, ಬೀಡಿ ಸಿಗರೇಟ್ ದೂರ. ಹಳೇ ಪೈಪ್ ಕಚ್ಚಿಕೊಂಡಿದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಒಳಗಿನ ಕಬ್ಬಿಣದ ಬಾಯಿಗೆ ತುಕ್ಕು ಹಿಡಿದಿದ್ರೆ ಎಮರಿ ಪೇಪರ್‌ನಲ್ಲಿ ನಯ ಮಾಡಿ, ಇಲ್ಲಾಂದ್ರೆ ಹೊಸ ಪೈಪೂ ಅಲ್ಲೇ ಸೋರುತ್ತೆ. ವೆಂಟ್ ಪೈಪ್ ಎಲ್ಲೂ ಜೋಲಬಾರದು. ಜೋತುಬಿದ್ದ ಕಡೆ ಪೆಟ್ರೋಲ್ ನಿಂತು ಗಾಳಿ ದಾರಿ ಮುಚ್ಚುತ್ತೆ. ತಂತಿ ಸುತ್ತಬೇಡಿ, ತಂತಿ ರಬ್ಬರನ್ನ ಕೊಯ್ಯುತ್ತೆ. ಸ್ಕ್ರೂ ಕ್ಲಿಪ್ ಹಾಕಿ, ಅದನ್ನೂ ಅತಿಯಾಗಿ ಬಿಗೀಬೇಡಿ. ಫಿಲ್ಲರ್ ಬಾಯಿಯಿಂದ ಬಾಡಿಗೆ ಒಂದು ಅರ್ಥ್ ವೈರ್ ಇದ್ದರೆ ಅದನ್ನ ವಾಪಸ್ ಹಾಕೋದು ಮರೀಬೇಡಿ. ಪೆಟ್ರೋಲ್ ಹಾಕುವಾಗ ಹುಟ್ಟೋ ಸ್ಥಿರ ವಿದ್ಯುತ್ತು ಹೋಗೋಕೆ ದಾರಿ ಅದು. ಕೊನೆಗೆ ಒಂದು ಸಲ ಟ್ಯಾಂಕ್ ಪೂರ್ತಿ ತುಂಬಿಸಿ, ಒಲೆ ಹಚ್ಚೋ ಮೊದಲು ಕೆಳಗೆ ಬಗ್ಗಿ ನೋಡಿ, ಮೂಸಿ. ಅರ್ಧ ಟ್ಯಾಂಕ್‌ನಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

‘ಗಿರಾಕಿ ದುಡ್ಡು ಕೊಡಲ್ಲ, ಅದಕ್ಕೇ ಟ್ಯೂಬ್ ಸುತ್ತೋದು’ ಅಂತ ಮೆಕ್ಯಾನಿಕ್‌ಗಳು ಹೇಳ್ತಾರೆ. ಅದು ನಿಜ. ಆದರೆ ಗಿರಾಕಿಗೆ ಯಾಕೆ ಅಂತ ಅವನ ಭಾಷೆಯಲ್ಲಿ ಹೇಳಿದೋರು ಯಾರು? ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನನ್ನಂಥವರಿಗೆ ಇಲ್ಲೊಂದು ಕೆಲಸ ಇದೆ. ನಾವು ಪ್ರತಿ ನವೆಂಬರ್‌ನಲ್ಲಿ ಬಾವುಟ ಹಾರಿಸಿ, ಡಿಜೆ ಹಾಕಿ ಕುಣೀತೀವಿ. ತಪ್ಪೇನಿಲ್ಲ, ನಾನೂ ಕುಣೀತೀನಿ. ಈ ವರ್ಷ ಅದರ ಜೊತೆಗೆ ಒಂದು ಪುಟದ ಚಾರ್ಟ್ ಮಾಡೋಣ. ಯಾವ ಪೈಪ್ ಯಾವುದಕ್ಕೆ, ಮೇಲಿರೋ ಅಕ್ಷರದ ಅರ್ಥ ಏನು, ಬದಲಾಯಿಸೋದು ಹೇಗೆ, ಎಲ್ಲಾ ಕನ್ನಡದಲ್ಲಿ ಚಿತ್ರ ಸಮೇತ. ಅಚ್ಚು ಹಾಕಿಸೋ ಮೊದಲು ಗ್ಯಾರೇಜ್ ಮೇಷ್ಟ್ರುಗಳ ಹತ್ತಿರ ತಿದ್ದಿಸೋಣ. ಆಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ, ಗ್ಯಾರೇಜ್‌ಗಳಿಗೆ ನಾವೇ ಹೋಗಿ ಅಂಟಿಸಿ ಬರೋಣ. ಮೆಕ್ಯಾನಿಕಲ್, ಕೆಮಿಸ್ಟ್ರಿ ಲೆಕ್ಚರರ್‌ಗಳು ಒಂದು ಸಲ ನೋಡಿಕೊಟ್ಟರೆ ಸಾಕು. ಯಾರು ಬರ್ತೀರಾ ಹೇಳಿ.