ಸುಮ್ಮನೆ ಹೂಂಗುಟ್ಟುವ ಫಂಕ್ಷನ್

ರಾಕ್‌ಚಿಪ್ ಬೋರ್ಡ್‌ಗಳ ಆರ್‌ಕೆ808 ಪವರ್ ಚಿಪ್‌ನಲ್ಲಿ ನಾಲ್ಕು ಬಕ್ ಕನ್ವರ್ಟರ್, ಎಂಟು ಎಲ್‌ಡಿಒಗಳ ಜೊತೆಗೆ ಎರಡು ಸ್ವಿಚ್‌ಗಳಿವೆ. ಸ್ವಿಚ್‌ಗೆ ವೋಲ್ಟೇಜ್ ಏರಿಸುವ, ಇಳಿಸುವ ಗೊಡವೆಯಿಲ್ಲ. ಬಂದ ಕರೆಂಟನ್ನು ಬಿಡುವುದು, ಇಲ್ಲವೇ ತಡೆಯುವುದು. ಇಷ್ಟಕ್ಕೂ ಡ್ರೈವರ್ ಬೇಕೇ? ಬೇಕು. ಪರದೆಯ ಕರೆಂಟ್ ಆ ದಾರಿಯಲ್ಲಿ ಬರುವುದಾದರೆ, ಬೂಟ್‌ಲೋಡರ್ ಆದ ಯು-ಬೂಟ್ ಅದನ್ನು ತೆರೆಯದೆ ಬೂಟ್ ಲೋಗೋ ಕಾಣುವುದಿಲ್ಲ. ಕೋಡ್ ನಾಲ್ಕಾರು ಸಾಲು, ಕೈಜಾರುವುದೂ ಅಲ್ಲೇ. ಹೆಕ್ಸ್ 23ನೇ ರಿಜಿಸ್ಟರ್‌ನಲ್ಲಿ 5 ಮತ್ತು 6ನೇ ಬಿಟ್ ಸ್ವಿಚ್‌ಗಳವು. 0ಯಿಂದ 3ರವರೆಗಿನವು ಬಕ್‌ಗಳವು, ಪ್ರೊಸೆಸರ್ ಬದುಕಿರುವುದೇ ಅವುಗಳಿಂದ. ಇಡೀ ಬೈಟನ್ನು ಹೊಸದಾಗಿ ಬರೆದುಬಿಟ್ಟರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಸೀರಿಯಲ್ ಕನ್ಸೋಲ್‌ನಲ್ಲಿ ಒಂದಕ್ಷರದ ದೂರೂ ಬರುವುದಿಲ್ಲ. ಹಾಗಾಗಿ ಮೊದಲು ಓದಿ, ಬೇಕಾದ ಬಿಟ್ಟನ್ನಷ್ಟೇ ತಿದ್ದಿ ವಾಪಸು ಬರೆಯಬೇಕು. ನನಗೆ ಇಷ್ಟವಾಗುವುದು ಮಾತ್ರ ಇನ್ನೊಂದು ಸಂಗತಿ. ಹಾರ್ಡ್‌ವೇರ್ ವಿವರ ಹೇಳುವ ಡಿವೈಸ್ ಟ್ರೀಯಲ್ಲಿ ಯಾರೋ ಸ್ವಿಚ್‌ಗೂ ಕನಿಷ್ಠ, ಗರಿಷ್ಠ ವೋಲ್ಟೇಜ್ ನಮೂದಿಸಿರುತ್ತಾರೆ. ಯು-ಬೂಟ್ ಅದನ್ನು ನಂಬಿ ವೋಲ್ಟೇಜ್ ಹೊಂದಿಸಲು ಹೋಗುತ್ತದೆ, ಆಗದೆ ಸೋಲುತ್ತದೆ, ಸ್ವಿಚ್ಚನ್ನು ಹಾಕದೆಯೇ ಬಿಡುತ್ತದೆ. ಪರಿಹಾರ? ವೋಲ್ಟೇಜ್ ಹೊಂದಿಸುವ ಜಾಗದಲ್ಲಿ ಖಾಲಿ ಫಂಕ್ಷನ್ ಒಂದನ್ನು ಇಟ್ಟಿದ್ದಾರೆ. ಅದು ಏನೂ ಮಾಡದೆ ‘ಆಯ್ತು’ ಅನ್ನುತ್ತದೆ, ಪರದೆ ಬೆಳಗುತ್ತದೆ.