ಹಿಂದಿನ ಟ್ರೇಲರ್‌ನ ಪಿನ್ನು ನೋಡುವವರು ಯಾರು?

ಕಬ್ಬಿನ ಹಂಗಾಮಿನಲ್ಲಿ ಬಾಗಲಕೋಟೆ, ಬೆಳಗಾವಿ ಕಡೆಯ ರಸ್ತೆಗಳಲ್ಲಿ ಬೈಕ್ ಓಡಿಸಿದವರಿಗೆ ಈ ಅನುಭವ ಇದ್ದೇ ಇರುತ್ತದೆ. ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಎರಡರ ಮೇಲೂ ಆಳೆತ್ತರ ಮೀರಿದ ಕಬ್ಬು. ಟ್ರ್ಯಾಕ್ಟರ್ ನೆಟ್ಟಗೇ ಹೋಗುತ್ತಿರುತ್ತದೆ. ಮೊದಲ ಟ್ರೇಲರ್ ಸ್ವಲ್ಪ ಅತ್ತಿತ್ತ ಆಡುತ್ತದೆ. ಎರಡನೆಯದು ಮಾತ್ರ ಒಮ್ಮೆ ರಸ್ತೆಯ ನಡುವಿನ ಗೆರೆ ದಾಟುತ್ತದೆ, ಮರುಕ್ಷಣ ಮಣ್ಣಿನ ಅಂಚಿಗೆ ಬರುತ್ತದೆ. ಹಾರ್ನ್ ಹೊಡೆದರೆ ಡ್ರೈವರ್‌ಗೆ ಕೇಳುವುದಿಲ್ಲ, ಯಾಕೆಂದರೆ ಟೇಪ್ ಜೋರಾಗಿರುತ್ತದೆ. ನಾವು ದೇವರ ಮೇಲೆ ಭಾರ ಹಾಕಿ ಓವರ್‌ಟೇಕ್ ಮಾಡುತ್ತೇವೆ.

ಕಳೆದ ಹಂಗಾಮಿನಲ್ಲಿ ನಮ್ಮೂರ ಕಾಲುವೆ ಪಕ್ಕದ ಇಳಿಜಾರಿನಲ್ಲಿ ಇಂಥದ್ದೇ ಒಂದು ಹಿಂದಿನ ಟ್ರೇಲರ್ ಕಳಚಿಕೊಂಡು ಮಗುಚಿತು. ಸ್ವಲ್ಪ ಹೊತ್ತಿನ ಮೊದಲು ಹೈಸ್ಕೂಲ್ ಹುಡುಗಿಯರು ಸೈಕಲ್‌ನಲ್ಲಿ ಅದೇ ಜಾಗ ದಾಟಿ ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಜನ ಸೇರಿದರು. ‘ಡ್ರೈವರ್ ಜೋರಾಗಿ ಬಿಟ್ಟ’ ಎಂದರು ಕೆಲವರು, ‘ರಸ್ತೆ ಸರಿಯಿಲ್ಲ’ ಎಂದರು ಇನ್ನು ಕೆಲವರು. ಕಬ್ಬನ್ನು ಬೇರೆ ಟ್ರೇಲರ್‌ಗೆ ಹೇರಿದರು. ಕಳಚಿ ಬಿದ್ದ ಪಿನ್ನಿನ ಕಡೆ ಮಾತ್ರ ಯಾರೂ ನೋಡಲಿಲ್ಲ. ನಾನು ಎತ್ತಿ ನೋಡಿದೆ. ನಡುವೆ ಸವೆದು ಸೊಂಟ ಸಣ್ಣಗಾಗಿತ್ತು. ಅದು ಮೇಲೆ ಹಾರದಂತೆ ಕ್ಲಿಪ್ ಇರಬೇಕಾದ ಜಾಗದಲ್ಲಿ ಹಳೆಯ ಟ್ಯೂಬಿನ ತುಂಡು ಕಟ್ಟಿದ್ದರು. ಟ್ರೇಲರ್‌ನ ಬಳೆಯೊಳಗೆ ಪಿನ್ನು ಇಟ್ಟು ನೋಡಿದರೆ ಸುತ್ತ ನನ್ನ ಕಿರುಬೆರಳು ಸಲೀಸಾಗಿ ಹೋಗುವಷ್ಟು ಸಂದು.

ಆ ಪಿನ್ನು ನೆನಪಾದದ್ದು ಈ ಸೆಮಿಸ್ಟರ್‌ನ ಒಂದು ತರಗತಿಯಲ್ಲಿ. ನಮ್ಮ ಸರ್ ಒಂದು ವಿಡಿಯೊ ತೋರಿಸಿದರು. ಟ್ರೆಡ್‌ಮಿಲ್‌ನಂಥ ಓಡುವ ಪಟ್ಟಿಯ ಮೇಲೆ ಆಟಿಕೆ ಕಾರು, ಅದರ ಹಿಂದೆ ಪುಟ್ಟ ಟ್ರೇಲರ್. ಟ್ರೇಲರ್‌ನ ಭಾರ ಮುಂದಿದ್ದಾಗ ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಿದರೂ ಒಂದೆರಡು ಸಲ ಓಲಾಡಿ ತಾನೇ ನೆಟ್ಟಗಾಗುತ್ತದೆ. ಅದೇ ಭಾರವನ್ನು ಹಿಂದಕ್ಕೆ ಸರಿಸಿ ತಳ್ಳಿದರೆ ಓಲಾಟ ಹೆಚ್ಚುತ್ತಾ ಹೋಗಿ ಕಾರನ್ನೂ ಎಳೆದುಕೊಂಡು ಅಡ್ಡ ಬೀಳುತ್ತದೆ. ಒಟ್ಟು ತೂಕ ಒಂದೇ, ಇಟ್ಟ ಜಾಗ ಮಾತ್ರ ಬೇರೆ. ತರಗತಿ ನಕ್ಕಿತು. ನನಗೆ ಕಾಲುವೆಯ ಇಳಿಜಾರು ಕಂಡಿತು.

ಅಮೆರಿಕದಲ್ಲಿ ರಜೆಗೆ ಹೊರಡುವ ಕುಟುಂಬಗಳು ಕಾರು, ಪಿಕಪ್‌ಗಳ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಹೋಗುತ್ತವೆ. ಅವರಿಗೂ ಕಾಡುವುದು ಇದೇ ಓಲಾಟ. ಅದಕ್ಕಾಗಿ ಅಲ್ಲಿ ಬಗೆಬಗೆಯ ಹಿಚ್‌ಗಳು, ಅಂದರೆ ಗಾಡಿ ಮತ್ತು ಟ್ರೇಲರ್ ನಡುವಿನ ಕೊಂಡಿಗಳು, ಸಿಗುತ್ತವೆ. ಸಾದಾ ಉಕ್ಕಿನ ಗುಂಡಿಗೆ ತಿಕ್ಕುವ ಪಟ್ಟಿ ಜೋಡಿಸಿ ಓಲಾಟಕ್ಕೆ ಬ್ರೇಕ್ ಹಾಕುವುದು ಒಂದು ಬಗೆ. ಸ್ಪ್ರಿಂಗ್ ಸಲಾಕೆಗಳಿಂದ ಟ್ರೇಲರ್ ಮೂತಿಯ ಭಾರದಲ್ಲಿ ಒಂದು ಪಾಲನ್ನು ಕಾರಿನ ಮುಂದಿನ ಗಾಲಿಗೂ ಹಂಚುವುದು ಇನ್ನೊಂದು. ಟ್ರೇಲರ್ ತಿರುಗುವ ಬಿಂದುವನ್ನೇ ಕಾರಿನ ಹಿಂದಿನ ಆ್ಯಕ್ಸಲ್ ಹತ್ತಿರಕ್ಕೆ ತರುವುದು ಎಲ್ಲಕ್ಕಿಂತ ದುಬಾರಿ ಬಗೆ. ಕೊಂಡಿ ಆ್ಯಕ್ಸಲ್‌ನಿಂದ ಎಷ್ಟು ಹಿಂದಕ್ಕಿರುತ್ತದೋ ಟ್ರೇಲರ್‌ಗೆ ಗಾಡಿಯ ಬಾಲ ಹಿಡಿದು ಆಡಿಸುವ ಬಲ ಅಷ್ಟು ಹೆಚ್ಚು. ಉದ್ದ ಕೋಲಿನ ತುದಿ ಹಿಡಿದು ಮೀಟಿದಂತೆ.

ಆದರೆ ಅಲ್ಲಿಯ ಅನುಭವಿಗಳು ಹಿಚ್ ಕೊಳ್ಳುವ ಮೊದಲು ಇನ್ನೊಂದು ಮಾತು ಹೇಳುತ್ತಾರೆ: ಮೊದಲು ಭಾರವನ್ನು ಸರಿಯಾಗಿ ಇಡಿ. ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂತಿರಬೇಕು ಎಂಬುದು ಅವರ ರೂಢಿ. 3 ಟನ್ ಟ್ರೇಲರ್‌ಗೆ 300ರಿಂದ 450 ಕೆ.ಜಿ. ಹಿಂದೆ ಭಾರ ತುಂಬಿ, ಮುಂದೆ ದುಬಾರಿ ಹಿಚ್ ಹಾಕಿದರೆ ಅದು ನೋವು ಮರೆಸುವ ಮಾತ್ರೆಯಂತೆ. ರೋಗ ಒಳಗೇ ಇರುತ್ತದೆ, ವೇಗ ಹೆಚ್ಚಿದ ದಿನ ಹೊರಗೆ ಬರುತ್ತದೆ.

ಈ ಲೆಕ್ಕ ಹಿಡಿದುಕೊಂಡು ದೀಪಾವಳಿ ರಜೆಯಲ್ಲಿ ಊರಿಗೆ ಹೋದೆ. ಇಪ್ಪತ್ತು ವರ್ಷದಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ನಮ್ಮ ಓಣಿಯ ಕಾಕಾ ಮುಂದೆ ಜಾಣತನ ತೋರಿಸಿದೆ. ‘ಕಾಕಾ, ಭಾರ ಮುಂದ ಹೇರಿಸ್ರಿ, ಟ್ರೇಲರ್ ಹೊಯ್ದಾಡೂದಿಲ್ಲ.’ ಅವರು ನಕ್ಕರು. ‘ತಮ್ಮಾ, ಭಾಳ ಮುಂದ ಹೇರಿದರ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದೇಳತಾವು. ಆಮ್ಯಾಲ ಸ್ಟೇರಿಂಗ್ ಯಾರ ಮಾತ ಕೇಳತೈತಿ? ನಿಮ್ಮ ಪುಸ್ತಕದಾಗ ಅದನ್ನ ಬರದಿಲ್ಲೇನು?’

ಬರೆದಿತ್ತು, ನಾನು ಓದಿರಲಿಲ್ಲ. ಅಮೆರಿಕದ ಶೇಕಡಾವಾರನ್ನು ಹಾಗೇ ತಂದು ಟ್ರ್ಯಾಕ್ಟರ್‌ಗೆ ಅಂಟಿಸಲು ಬರುವುದಿಲ್ಲ. ಟ್ರ್ಯಾಕ್ಟರ್‌ನ ಹುಕ್ಕು ಎಷ್ಟು ಭಾರ ತಾಳುತ್ತದೆ ಎಂಬುದನ್ನು ತಯಾರಕರು ಹೇಳಿರುತ್ತಾರೆ, ಅದನ್ನು ಮೀರಬಾರದು. ಓಲಾಟದ ಕಾರಣವೂ ಪೂರ್ತಿ ಅದೇ ಅಲ್ಲ. ಕಾರಿನ ಹಿಂದಿನ ಟ್ರೇಲರ್ ಹೆದ್ದಾರಿಯ ವೇಗದಲ್ಲಿ ಹುಚ್ಚೇಳುತ್ತದೆ. ಟ್ರ್ಯಾಕ್ಟರ್ ಅಷ್ಟು ವೇಗ ಹೋಗುವುದೇ ಇಲ್ಲ. ನಮ್ಮಲ್ಲಿ ಆಟ ಶುರುವಾಗುವುದು ಸವೆದ ಪಿನ್ನಿನ ಸಂದಿನಿಂದ, ಒಂದು ಕಡೆ ಗಾಳಿ ಕಡಿಮೆಯಾದ ಟೈರಿನಿಂದ, ರಸ್ತೆಯ ಗುಂಡಿಯಿಂದ. ಎಲ್ಲಕ್ಕಿಂತ ಹೆಚ್ಚಾಗಿ ಇಳಿಜಾರಿನಿಂದ. ನಾನು ನೋಡಿದ ಕಬ್ಬಿನ ಟ್ರೇಲರ್‌ಗಳಿಗೆ ಬ್ರೇಕ್ ಇರಲಿಲ್ಲ. ಟ್ರ್ಯಾಕ್ಟರ್ ಬ್ರೇಕ್ ಹಿಡಿದರೆ ಹಿಂದಿನ ಟನ್‌ಗಟ್ಟಲೆ ಕಬ್ಬು ಅದನ್ನು ತಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸಿದರಂತೂ ಎಂಜಿನ್ ಹಿಡಿತವೂ ಇರುವುದಿಲ್ಲ, ವೇಗಕ್ಕೆ ಲಗಾಮೂ ಇರುವುದಿಲ್ಲ.

ಕಾಕಾ ಜೊತೆ ಟ್ರ್ಯಾಕ್ಟರ್ ಸುತ್ತ ಓಡಾಡಿದಾಗ ಇನ್ನೊಂದು ವಿಷಯ ಹೊಳೆಯಿತು. ಟ್ರ್ಯಾಕ್ಟರ್‌ನ ಹುಕ್ಕು ಅದರ ದೊಡ್ಡ ಗಾಲಿಗಳ ಆ್ಯಕ್ಸಲ್‌ಗೆ ಹತ್ತಿರವೇ ಇದೆ. ಅಮೆರಿಕದವರು ದುಡ್ಡು ಕೊಟ್ಟು ಪಡೆಯುವ ಅನುಕೂಲ ಟ್ರ್ಯಾಕ್ಟರ್‌ಗೆ ಹುಟ್ಟಿನಿಂದಲೇ ಇದೆ. ಆದರೆ ಎರಡನೇ ಟ್ರೇಲರ್ ಸಿಕ್ಕಿಸುವುದು ಮೊದಲ ಟ್ರೇಲರ್‌ನ ಬಾಲದ ತುದಿಗೆ, ಅದರ ಆ್ಯಕ್ಸಲ್‌ನಿಂದ ಬಲು ದೂರ. ಮೊದಲನೆಯದು ಗೇಣು ಆಡಿದರೆ ಎರಡನೆಯದು ಮೊಳ ಆಡುತ್ತದೆ. ಎರಡು ಗಾಲಿಯ ಟ್ರೇಲರ್‌ಗಳಾದರೆ ಇನ್ನೊಂದು ಪೇಚು: ಎರಡನೆಯದರ ಮೂತಿಯ ಭಾರ ಮೊದಲನೆಯದರ ಬಾಲವನ್ನು ಕೆಳಗೆ ಒತ್ತುತ್ತದೆ, ಆಗ ಅದರ ಮೂತಿ ಟ್ರ್ಯಾಕ್ಟರ್ ಹುಕ್ಕಿನ ಮೇಲೆ ಹಗುರಾಗುತ್ತದೆ. ಅಂದರೆ ಆಟಿಕೆಯ ಭಾರವನ್ನು ಹಿಂದಕ್ಕೆ ಸರಿಸಿದ ಹಾಗೇ ಆಯಿತು.

ಹೀಗಿದ್ದೂ ಒಳ್ಳೆಯ ಪಿನ್ನು ಯಾವಾಗಲೂ ಟ್ರ್ಯಾಕ್ಟರ್ ಹುಕ್ಕಿಗೆ. ಅಲ್ಲಿ ಸವೆದದ್ದು ಹಿಂದಿನ ಟ್ರೇಲರ್‌ಗೆ. ಡ್ರೈವರ್ ಕಣ್ಣಿಗೆ ಬೀಳದ ಜಾಗಕ್ಕೆ ಎಲ್ಲಕ್ಕಿಂತ ಕೆಟ್ಟ ಕೊಂಡಿ. ನನ್ನ ತಕರಾರು ಇಷ್ಟೇ: ಇದನ್ನು ತಿರುಗಿಸಬೇಕು. ಹಿಂದಿನ ಕೊಂಡಿಗೇ ಮೊದಲು ಹೊಸ ಪಿನ್ನು. ಬಳೆ ಸವೆದಿದ್ದರೆ ಬುಷ್ ಹಾಕಿಸಬೇಕು. ಪಿನ್ನು ಮೇಲೆ ಹಾರದಂತೆ ಟ್ಯೂಬಿನ ತುಂಡಲ್ಲ, ಕ್ಲಿಪ್ ಬೇಕು. ಸಾಧ್ಯವಾದರೆ ತಾನೇ ಮುಚ್ಚಿಕೊಳ್ಳುವ ಬಾಯಿಯ ಹುಕ್ಕು. ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಎರಡು ಸರಪಳಿ, ಪಿನ್ನು ಹೋದರೂ ಮೂತಿ ನೆಲಕ್ಕೆ ಬೀಳದೆ ತೊಟ್ಟಿಲಲ್ಲಿ ಕೂತಂತೆ ಕೂರಲಿ. ಹೇರುವಾಗ ಹಿಂದಿನ ಟ್ರೇಲರ್ ಮುಂದಿನದಕ್ಕಿಂತ ಹಗುರವಿರಲಿ. ಇಳಿಜಾರಿಗೆ ಮೊದಲೇ ಸಣ್ಣ ಗೇರ್.

‘ಇದನ್ನೆಲ್ಲ ಡ್ರೈವರ್‌ಗೆ ಹೇಳು’ ಎನ್ನಬೇಡಿ. ಸಾಗಣೆಯ ದುಡ್ಡು ಟನ್ ಲೆಕ್ಕದಲ್ಲಿ. ಟ್ರ್ಯಾಕ್ಟರ್ ಮೇಲೆ ಸಾಲದ ಕಂತು. ಹಂಗಾಮು ನಾಲ್ಕೈದು ತಿಂಗಳು. ಅಷ್ಟರಲ್ಲಿ ವರ್ಷದ ಗಳಿಕೆ ಆಗಬೇಕು. ಒಂದು ಖೇಪಿಗೆ ಎರಡು ಟನ್ ಕಡಿಮೆ ಹೇರು ಎಂದು ಅವರಿಗೆ ಉಪದೇಶ ಮಾಡುವುದು ಹಾಸ್ಟೆಲ್‌ನಲ್ಲಿ ಕೂತ ನನಗೆ ಸುಲಭ. ಆದರೆ ಪಿನ್ನು, ಕ್ಲಿಪ್, ಸರಪಳಿಗೆ ತಗಲುವ ಖರ್ಚು ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ. ಪ್ರತಿ ಟ್ರ್ಯಾಕ್ಟರ್ ಕಾರ್ಖಾನೆಯ ತೂಕದ ಸೇತುವೆ ಮೇಲೆ ನಿಲ್ಲಲೇಬೇಕು. ತೂಕ ನೋಡುವವರ ಜೊತೆ ಕೊಂಡಿ ನೋಡುವವರೊಬ್ಬರು ಯಾಕಿರಬಾರದು? ಹಂಗಾಮು ಶುರುವಾಗುವ ಮೊದಲು ಒಂದು ವಾರ, ಒಪ್ಪಂದಕ್ಕೆ ಸಹಿ ಹಾಕುವಾಗಲೇ, ಪಿನ್ನು ಮತ್ತು ಸರಪಳಿ ತಪಾಸಣೆ ಮಾಡಬಹುದಲ್ಲ. ಹಿಂಬದಿಗೆ ಹೊಳೆಯುವ ಪಟ್ಟಿ ಅಂಟಿಸುವ ಅಭಿಯಾನಗಳು ನಡೆಯುತ್ತವೆ, ಒಳ್ಳೆಯದೇ. ಆದರೆ ಆ ಪಟ್ಟಿ ಟ್ರೇಲರ್ ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಅದನ್ನು ಹಿಡಿದು ನಿಲ್ಲಿಸುವುದಿಲ್ಲ.

ಇನ್ನು ನಮ್ಮ ಪಾಲಿನ ಮಾತು. ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ದೇಶದಲ್ಲಿ ಹೆಚ್ಚು ಕಬ್ಬು ಬೆಳೆಯುವುದು ನಮ್ಮ ರಾಜ್ಯ. ಆ ಕಬ್ಬಿನ ರಸ್ತೆಯಲ್ಲೇ ಬಸ್ಸು ಹಿಡಿದು ಕಾಲೇಜಿಗೆ ಬರುವ ನಾವು ಫೈನಲ್ ಇಯರ್ ಪ್ರಾಜೆಕ್ಟ್ ಬಂದಾಗ ಗೆರೆ ಹಿಡಿದು ಓಡುವ ರೋಬೊ ಮಾಡುತ್ತೇವೆ, ಅದೂ ಸೀನಿಯರ್‌ಗಳ ರಿಪೋರ್ಟ್ ತಿದ್ದಿ. ಇಂಟರ್‌ವ್ಯೂನಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದಾಗ ತಡವರಿಸುತ್ತೇವೆ. ಹತ್ತು ಟ್ರೇಲರ್‌ಗಳ ಪಿನ್ನು ಅಳೆದು, ಸಂದು ಹೆಚ್ಚಿದಂತೆ ಓಲಾಟ ಎಷ್ಟು ಹೆಚ್ಚುತ್ತದೆ ಎಂದು ಲೆಕ್ಕ ಹಾಕಿ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವಂಥ ಅಗ್ಗದ ಹುಕ್ಕು ಮಾಡಿ ತೋರಿಸಿದವರು ತಡವರಿಸಬೇಕಾಗಿಲ್ಲ. ಸ್ನೇಹಿತರಿಬ್ಬರ ಜೊತೆ ನಾನು ಇದೇ ವಿಷಯ ಬರೆದುಕೊಟ್ಟಿದ್ದೇನೆ. ಗೈಡ್ ‘ಇದರಲ್ಲಿ ಹೊಸತೇನಿದೆ?’ ಎಂದು ಕೇಳಿದ್ದಾರೆ. ಹೊಸತೇನೂ ಇಲ್ಲ ಸರ್, ಹಳೆಯ ಪಿನ್ನೇ. ಅದಕ್ಕೇ ಮಾಡಬೇಕು ಅನ್ನಿಸಿದೆ.

ಆ ಸವೆದ ಪಿನ್ನು ಈಗ ನನ್ನ ಹಾಸ್ಟೆಲ್ ಕೋಣೆಯ ಟೇಬಲ್ ಮೇಲಿದೆ. ರಜೆ ಮುಗಿಸಿ ಹೊರಡುವಾಗ ಕಾಕಾ ತಮ್ಮ ಹಿಂದಿನ ಟ್ರೇಲರ್‌ಗೆ ಹೊಸ ಪಿನ್ನು, ಕ್ಲಿಪ್ ಹಾಕಿಸಿದ್ದರು. ಸರಪಳಿ ಇನ್ನೂ ಹಾಕಿಸಿಲ್ಲ. ‘ಮೊದಲನೇ ಬಿಲ್ ಬರಲಿ ತಮ್ಮಾ’ ಎಂದಿದ್ದಾರೆ. ಅಷ್ಟರವರೆಗೆ ಆ ಟ್ರೇಲರ್‌ನ ಹಿಂದೆ ಬೈಕ್‌ನಲ್ಲಿ ಬರುವವರು ಸ್ವಲ್ಪ ದೂರವೇ ಇರಿ.