ತಿಳಿದುದನ್ನು ತಿಳಿಯುವಂತೆ ಬರೆಯುವುದು

ಕೋಲಾರದ ಕಡೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಏಳನೆಯ ತರಗತಿಯ ಮಕ್ಕಳಿಗೆ 'ರಾಗಿ' ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಲು ಹೇಳಲಾಗಿದೆ ಎಂದು ಭಾವಿಸಬಹುದು. ಶಾಲೆಯ ಬೇಲಿಯಾಚೆಗೇ ರಾಗಿಯ ಹೊಲ. ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ರಾಗಿಮುದ್ದೆಯನ್ನುಂಡು ಬೆಳೆದವರು. ಸುಗ್ಗಿಯಲ್ಲಿ ತೆನೆ ಹೊತ್ತವರು. ಆದರೂ ಅವರ ಪುಸ್ತಕಗಳನ್ನು ತೆರೆದರೆ ಕಾಣುವುದೇನು? "ಭಾರತವು ಕೃಷಿಪ್ರಧಾನವಾದ ದೇಶ. ರೈತನೇ ದೇಶದ ಬೆನ್ನೆಲುಬು" ಎಂಬ ಮಾತಿನಿಂದ ಎಲ್ಲ ಪ್ರಬಂಧಗಳೂ ಮೊದಲಾಗುತ್ತವೆ. "ಆದುದರಿಂದ ನಾವೆಲ್ಲರೂ ರಾಗಿಯ ಮಹತ್ವವನ್ನು ಅರಿಯೋಣ" ಎಂಬ ಮಾತಿನಿಂದ ಎಲ್ಲವೂ ಮುಗಿಯುತ್ತವೆ. ನಡುವೆ ರಾಗಿಯೆಂಬ ಪದವನ್ನು ಅಳಿಸಿ ಜೋಳವೆಂದೋ ಗೋಧಿಯೆಂದೋ ಬರೆದರೂ ಪ್ರಬಂಧಕ್ಕೆ ಯಾವ ಊನವೂ ಆಗದು.

ಇದು ಮಕ್ಕಳ ದಡ್ಡತನವಲ್ಲ. ಪ್ರಬಂಧವೆಂದರೆ ಬಾಯಿಪಾಠ ಮಾಡಿ ಒಪ್ಪಿಸಬೇಕಾದ ವಸ್ತುವೆಂದು ಅವರಿಗೆ ಕಲಿಸಲಾಗಿದೆ. ಅವರು ಕಲಿತಂತೆ ನಡೆದಿದ್ದಾರೆ. ತನ್ನ ಹೊಲದಲ್ಲಿ ಕಂಡದ್ದು, ತನ್ನ ಅಜ್ಜಿಯಿಂದ ಕೇಳಿದ್ದು ಪುಸ್ತಕದಲ್ಲಿ ಬರೆಯಲು ಯೋಗ್ಯವಾದುದಲ್ಲವೆಂಬ ಭಾವನೆ ಹನ್ನೆರಡು ವರ್ಷದ ಮಗುವಿನ ಮನಸ್ಸಿನಲ್ಲಿ ನೆಲೆಗೊಂಡರೆ, ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಅಂಕಗಳ ನಷ್ಟವನ್ನು ಮುಂದಿನ ಪರೀಕ್ಷೆಯಲ್ಲಿ ತುಂಬಿಕೊಳ್ಳಬಹುದು. ತನ್ನ ಕಣ್ಣು ಕಿವಿಗಳ ಮೇಲಿನ ನಂಬಿಕೆಯನ್ನು ಕಳೆದುಕೊಂಡವನು ಅದನ್ನು ಮರಳಿ ಪಡೆಯುವುದು ಸುಲಭವಲ್ಲ.

'ಪ್ರಬಂಧ' ಎಂಬ ಪದದಲ್ಲಿ 'ಬಂಧ' ಎಂಬುದಿದೆ, ಬಂಧವೆಂದರೆ ಕಟ್ಟು. ಬಿಡಿಬಿಡಿಯಾದುದನ್ನು ಚೆನ್ನಾಗಿ ಕಟ್ಟಿದಾಗ ಆಗುವುದು ಪ್ರಬಂಧ. ಫ್ರಾನ್ಸಿನ ಮಾಂಟೇನ್ 1580ರಲ್ಲಿ ತನ್ನ ಬರಹಗಳನ್ನು ಪ್ರಕಟಿಸಿದಾಗ ಅವುಗಳಿಗೆ 'ಎಸ್ಸೇ' ಎಂಬ ಹೆಸರನ್ನಿಟ್ಟನು. ಆ ಮಾತಿಗೆ 'ಪ್ರಯತ್ನ' ಎಂಬ ಅರ್ಥವಿದೆ. ಕಟ್ಟುವುದು ಮತ್ತು ಪ್ರಯತ್ನಿಸುವುದು, ಈ ಎರಡರಲ್ಲಿ ಯಾವುದನ್ನೂ ಒಬ್ಬರ ಪರವಾಗಿ ಮತ್ತೊಬ್ಬರು ಮಾಡಲಾಗದು. ಈಜನ್ನು ದಡದ ಮೇಲೆ ಕುಳಿತು ಬಾಯಿಪಾಠ ಮಾಡಿದವರುಂಟೇ?

ಪ್ರಬಂಧಗಳಲ್ಲಿ ಹಲವು ಬಗೆಗಳಿವೆ. ಲಲಿತ ಪ್ರಬಂಧವು ಬರೆಯುವವನ ಲಹರಿಯನ್ನು ಅನುಸರಿಸಿ ಹರಿಯುತ್ತದೆ. ಮಾಹಿತಿಯನ್ನು ನೀಡುವ ಪ್ರಬಂಧದ ಧರ್ಮವೇ ಬೇರೆ. ವಿಷಯವನ್ನು ಅರಿಯದವನಿಗೆ ಅದನ್ನು ತಿಳಿಯಪಡಿಸುವುದೇ ಅದರ ಗುರಿ. ಕನ್ನಡಕ್ಕೆ ಇಂತಹ ಬರವಣಿಗೆ ಹೊಸದೇನೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಮಿತ್ರರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಶಿವರಾಮ ಕಾರಂತರ 'ಬಾಲಪ್ರಪಂಚ' 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ತಿಳಿವಳಿಕೆಯು ಕನ್ನಡದಲ್ಲಿಯೇ, ಸಾಮಾನ್ಯ ಓದುಗನಿಗೂ ಎಳೆಯ ಮಗುವಿಗೂ ಎಟುಕುವಂತೆ ದೊರೆಯಬೇಕೆಂಬುದು ಈ ಹಿರಿಯರ ಹಂಬಲವಾಗಿತ್ತು.

ಹಾಗಾದರೆ ಶಾಲೆಯ ಮಕ್ಕಳಿಗೆ ಇಂತಹ ಬರವಣಿಗೆಯನ್ನು ಕಲಿಸುವ ಬಗೆ ಹೇಗೆ? ರಾಗಿಯ ಬೆಳೆಯೇ ಅದನ್ನು ತೋರಿಸಿಕೊಡುತ್ತದೆ. ರೈತನು ಹೊಲದಿಂದ ನೇರವಾಗಿ ಹಿಟ್ಟನ್ನು ತರುವುದಿಲ್ಲ. ತೆನೆಯನ್ನು ಕೊಯ್ಯುತ್ತಾನೆ, ಮೆದೆ ಒಟ್ಟುತ್ತಾನೆ, ಕಣದಲ್ಲಿ ಹರಡಿ ಒಕ್ಕುತ್ತಾನೆ, ಗಾಳಿಗೆ ತೂರಿ ಹೊಟ್ಟನ್ನು ಹಾರಿಸುತ್ತಾನೆ, ಕಾಳನ್ನು ರಾಶಿ ಮಾಡಿ ಅಳೆಯುತ್ತಾನೆ. ಬರವಣಿಗೆಯಲ್ಲಿಯೂ ಸಂಗ್ರಹ, ವಿಂಗಡಣೆ, ಆಯ್ಕೆ, ಜೋಡಣೆ ಎಂಬ ಹಂತಗಳಿವೆ. ಇವುಗಳನ್ನು ದಾಟದೆ ಬರೆಯಲು ಕುಳಿತವನು ಬರಿಗೈಯಲ್ಲಿ ಬೀಸುಕಲ್ಲನ್ನು ತಿರುಗಿಸಿದಂತೆ. ಸದ್ದು ಬರುತ್ತದೆ, ಹಿಟ್ಟು ಬಾರದು.

ಮೊದಲನೆಯದು ಪ್ರಶ್ನೆ. 'ರಾಗಿ' ಎಂಬುದು ಒಂದು ಹೆಸರು ಮಾತ್ರ. ರಾಗಿ ಎಲ್ಲಿಂದ ಬಂದಿತು? ಅದನ್ನು ಯಾವಾಗ ಬಿತ್ತುತ್ತಾರೆ? ಹೇಗೆ ಕಾಪಾಡಿಡುತ್ತಾರೆ? ಅದರಲ್ಲಿ ಏನು ಸತ್ತ್ವವಿದೆ? ಹೀಗೆ ಮಕ್ಕಳೇ ಕೇಳಬೇಕು. ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆಯಬೇಕು. ಬಳಿಕ ಉತ್ತರಗಳನ್ನು ಹುಡುಕಿ ಮಕ್ಕಳು ಊರಿನೊಳಕ್ಕೂ ಪುಸ್ತಕಗಳೊಳಕ್ಕೂ ಹೋಗಬೇಕು. ಬಿತ್ತನೆಯ ಕಾಲವನ್ನು ತಂದೆ ಹೇಳಬಲ್ಲರು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಏಕೆ ಹಾಕುತ್ತಾರೆಂಬುದನ್ನು ತಾಯಿ ಹೇಳಬಲ್ಲರು. ಈ ಬೆಳೆಯ ಮೂಲ ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂಬುದನ್ನು ಪುಸ್ತಕವೇ ಹೇಳಬೇಕು. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಹೆಚ್ಚು ಇಳುವರಿಯ 'ಇಂಡಾಫ್' ತಳಿಗಳನ್ನು ರೂಪಿಸಿದರೆಂಬ ಸಂಗತಿಯೂ ಹಾಗೆಯೇ. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳ ಕೂಟವೇ ಇಂಡಾಫ್ ಎಂದು ತಿಳಿದಾಗ ಮಗುವಿನ ಮುಖ ಅರಳದೆ ಇರದು.

ಇಂತಹ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದುನಿಂತು, "ಮೇಷ್ಟ್ರೇ, ನಮ್ಮಜ್ಜಿ ಹಗೇವಿನ ವಿಷಯ ಹೇಳಿದರು. ಅದನ್ನೂ ಪ್ರಬಂಧದಲ್ಲಿ ಬರೆಯಬಹುದೇ?" ಎಂದು ಕೇಳಬಹುದು. ಪ್ರಬಂಧ ಶಿಕ್ಷಣದ ಅಳಿವು ಉಳಿವು ಆ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿದೆ. "ಅದೆಲ್ಲ ಬೇಡ, ಕೊಟ್ಟದ್ದನ್ನು ಬರೆ" ಎಂದರೆ ಹುಡುಗಿ ಕುಳಿತುಬಿಡುತ್ತಾಳೆ, ಮತ್ತೆ ಕೇಳಲಾರಳು. "ಬರೆಯಮ್ಮ. ಆದರೆ ಹಗೇವು ಎಷ್ಟು ಆಳವಿತ್ತು, ಬಾಯನ್ನು ಹೇಗೆ ಮುಚ್ಚುತ್ತಿದ್ದರು ಎಂಬುದನ್ನೂ ಕೇಳಿಕೊಂಡು ಬಾ" ಎಂದರೆ ಆ ಸಂಜೆ ಅಜ್ಜಿಯೂ ಮೊಮ್ಮಗಳೂ ಕೂಡಿ ಪಾಠ ಓದುತ್ತಾರೆ.

ಎರಡನೆಯದು ವಿಂಗಡಣೆ. ದೊರೆತ ಸಂಗತಿಗಳನ್ನು ಒಂದೊಂದು ಚೀಟಿಯಲ್ಲಿ ಒಂದೊಂದರಂತೆ ಬರೆದು, ಒಂದೇ ಜಾತಿಯವುಗಳನ್ನು ಒಂದು ಗುಂಪಿಗೆ ಸೇರಿಸಬೇಕು. ಮೂಲ, ಬೇಸಾಯ, ಸಂಗ್ರಹ, ಆಹಾರ ಎಂದು ಗುಂಪುಗಳು ತಾವಾಗಿಯೇ ಏರ್ಪಡುತ್ತವೆ. ಒಂದು ಗುಂಪಿಗೆ ಒಂದು ಪರಿಚ್ಛೇದ. ಯಾವ ಗುಂಪಿಗೂ ಸೇರದ ಚೀಟಿಯನ್ನು, ಅದೆಷ್ಟೇ ಸೊಗಸಾಗಿದ್ದರೂ, ಬದಿಗಿಡಬೇಕು. ಇದೇ ತೂರುವ ಕೆಲಸ. ಕಷ್ಟಪಟ್ಟು ತಂದುದನ್ನು ಬಿಡಲು ಮನಸ್ಸು ಬಾರದು; ಆದರೆ ಹೊಟ್ಟು ಹಾರದೆ ಕಾಳು ಕಾಣದು.

ಮೂರನೆಯದು ಜೋಡಣೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳನ್ನು ಎಲ್ಲ ಶಾಲೆಗಳಲ್ಲೂ ಹೇಳಿಕೊಡುತ್ತಾರೆ. ಅವು ಏಕಿವೆ ಎಂಬುದನ್ನು ಹೇಳಿಕೊಡುವುದು ಅಪರೂಪ. ಪೀಠಿಕೆಯು ಓದುಗನಿಗೆ, ತಾನು ಎಲ್ಲಿಗೆ ಹೋಗುತ್ತಿರುವೆನೆಂಬುದನ್ನು ತಿಳಿಸುತ್ತದೆ. ನಿರೂಪಣೆಯು ಅವನನ್ನು ಕೈಹಿಡಿದು ನಡೆಸುತ್ತದೆ. ಉಪಸಂಹಾರವು ನಡೆದು ಬಂದ ದಾರಿಯಿಂದ ಏನು ದೊರೆಯಿತೆಂಬುದನ್ನು ತೋರಿಸುತ್ತದೆ. 'ಆದುದರಿಂದ', 'ಆದರೆ', 'ಇದಲ್ಲದೆ' ಮೊದಲಾದ ಮಾತುಗಳು ಪರಿಚ್ಛೇದಗಳ ನಡುವಣ ಸೇತುವೆಗಳು. ಕಾರಣವಿಲ್ಲದ ಕಡೆ 'ಆದುದರಿಂದ' ಎಂದು ಬರೆಯುವುದು ಹೊಳೆಯಿಲ್ಲದ ಕಡೆ ಸೇತುವೆ ಕಟ್ಟಿದಂತೆ.

ಎರಡು ಬರಹಗಳನ್ನು ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. "ರಾಗಿ ಬಹಳ ಉತ್ತಮವಾದ ಧಾನ್ಯ. ಅದು ಆರೋಗ್ಯಕ್ಕೆ ಒಳ್ಳೆಯದು. ಅದನ್ನು ಎಲ್ಲರೂ ಉಣ್ಣಬೇಕು." ಇದು ಒಂದು ಬಗೆ. "ರಾಗಿ ಬಹುಕಾಲ ಕೆಡದೆ ಉಳಿಯುವ ಧಾನ್ಯ. ಅದರ ಕಾಳು ಬಹು ಸಣ್ಣದಾದುದರಿಂದ ಹುಳುಗಳು ಅದರೊಳಗೆ ಸೇರಿ ಬೆಳೆಯುವುದು ಕಷ್ಟ. ಆದುದರಿಂದಲೇ ಹಿಂದಿನವರು ನೆಲದಲ್ಲಿ ಹಗೇವು ತೋಡಿ, ರಾಗಿಯನ್ನು ತುಂಬಿ, ಬಾಯಿ ಮುಚ್ಚಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದನ್ನು ತೆರೆಯುತ್ತಿದ್ದರು." ಇದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಹೊಗಳಿಕೆಯಿದೆ, ತಿಳಿವಳಿಕೆಯಿಲ್ಲ. ಎರಡನೆಯದರಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲ. ಆದರೆ ಓದಿದವನಿಗೆ ರಾಗಿಯ ಮೇಲೆ ಗೌರವ ಮೂಡುತ್ತದೆ. ಅಂತೆಯೇ 'ಪುಷ್ಟಿಕರ' ಎಂಬ ಬರಿಯ ಮಾತಿಗಿಂತ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿರುವುದು ಅದರ ಅಲ್ಪಾಂಶ ಮಾತ್ರ ಎಂಬ ಮಾತು ಹೆಚ್ಚು ಬಲವುಳ್ಳದ್ದು.

ಈ ಕ್ರಮವನ್ನು ಒಪ್ಪದವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ತರಗತಿಗಳಲ್ಲಿ ಮಕ್ಕಳು ಹೆಚ್ಚು, ಅವಧಿ ಕಡಿಮೆ, ಮುಗಿಸಬೇಕಾದ ಪಾಠಗಳು ಹಲವು. ಒಬ್ಬೊಬ್ಬರ ಬರಹವನ್ನೂ ಎರಡೆರಡು ಬಾರಿ ತಿದ್ದಲು ಉಪಾಧ್ಯಾಯರಿಗೆ ಬಿಡುವೆಲ್ಲಿ? ಹಿಂದುಳಿದ ಮಗುವಿಗೆ ಮಾದರಿ ಪ್ರಬಂಧವು ಊರುಗೋಲಲ್ಲವೇ? ಈ ಪ್ರಶ್ನೆಗಳು ನ್ಯಾಯವಾದುವೇ. ಆದರೆ ಊರುಗೋಲನ್ನು ಕೊಡುವುದು ನಡೆಯಲೆಂದು. ಅದನ್ನೇ ಕಾಲೆಂದು ನಂಬಲೆಂದಲ್ಲ. ಮಾದರಿಯನ್ನು ಓದಿಸಿ, ಅದು ಹೇಗೆ ಕಟ್ಟಲ್ಪಟ್ಟಿದೆಯೆಂದು ಬಿಡಿಸಿ ತೋರಿಸಬಹುದು. ಆಮೇಲೆ ಅದನ್ನು ಮುಚ್ಚಿಟ್ಟು ಬೇರೊಂದು ವಿಷಯವನ್ನು ಬರೆಯಿಸಬೇಕು. ವರ್ಷಕ್ಕೆ ಹನ್ನೆರಡು ಪ್ರಬಂಧಗಳನ್ನು ನಕಲು ಮಾಡಿಸುವುದಕ್ಕಿಂತ ಮೂರನ್ನು ಸ್ವಂತವಾಗಿ ಬರೆಯಿಸಿ ತಿದ್ದುವುದು ಮೇಲು. ಮಕ್ಕಳು ಪರಸ್ಪರರ ಬರಹವನ್ನು ಓದಿ, ತಮಗೆ ಅರ್ಥವಾಗದ ಕಡೆ ಗೆರೆ ಎಳೆದರೆ ಉಪಾಧ್ಯಾಯರ ಹೊರೆ ಅರ್ಧ ಇಳಿಯುತ್ತದೆ.

ಮತ್ತೊಂದು ಅಪಾಯವನ್ನೂ ನೆನೆಯಬೇಕು. ಕಟ್ಟುಪಾಡೇ ಅಚ್ಚಾಗಿಬಿಡಬಹುದು. ಎಲ್ಲ ಪ್ರಬಂಧಗಳಿಗೂ ಐದೇ ಪರಿಚ್ಛೇದ, ಎಲ್ಲ ಪೀಠಿಕೆಗೂ ಮೂರೇ ವಾಕ್ಯ ಎಂಬ ಹಟ ಸಲ್ಲದು. ಅಂಗಿಯು ಮೈಯಳತೆಗೆ ಹೊಲಿಯುವಂಥದು; ಅಂಗಿಗಾಗಿ ಮೈಯನ್ನು ಕತ್ತರಿಸುವವರಿಲ್ಲ. ವಿಷಯವು ಎಷ್ಟು ಭಾಗಗಳನ್ನು ಬೇಡುವುದೋ ಅಷ್ಟು ಪರಿಚ್ಛೇದಗಳಿರಲಿ.

ಹಿಂದೆ ಸಿದ್ಧ ಪ್ರಬಂಧಗಳಿಗಾಗಿ ಅಂಗಡಿಯ ಗೈಡುಗಳನ್ನು ಕೊಳ್ಳಬೇಕಾಗಿತ್ತು. ಇಂದು ಮೊಬೈಲಿನಲ್ಲಿ ವಿಷಯದ ಹೆಸರನ್ನು ಬರೆದರೆ ಸಾಕು, ಗಣಕಯಂತ್ರವೇ ನಿಮಿಷದೊಳಗೆ ಪ್ರಬಂಧವನ್ನು ಹೊಸೆದು ಕೊಡುತ್ತದೆ. ಹಾಗಿರುವಾಗ ಮಗು ಏಕೆ ಶ್ರಮಪಡಬೇಕೆಂದು ಕೇಳುವವರುಂಟು. ಪ್ರಬಂಧ ಬರೆಯಿಸುವುದು ಜಗತ್ತಿಗೆ ಪ್ರಬಂಧಗಳ ಕೊರತೆಯಿದೆಯೆಂದಲ್ಲ. ಹುಡುಕುವ, ವಿಂಗಡಿಸುವ, ಅಳೆದು ನೋಡುವ ಬುದ್ಧಿಯು ಬೆಳೆಯಲೆಂದು. ಯಂತ್ರವು ಕೊಟ್ಟ ಬರಹದಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಅರಿಯುವುದಕ್ಕೂ ಆ ಬುದ್ಧಿಯೇ ಬೇಕು. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬ ಗಾದೆ ಇಂದಿಗೂ ಹಳತಾಗಿಲ್ಲ.

ಶಾಲೆಯನ್ನು ಬಿಟ್ಟ ಮೇಲೆ ಯಾರೂ 'ರಾಗಿ' ಎಂಬ ಪ್ರಬಂಧವನ್ನು ಬರೆಯಬೇಕಾಗಿ ಬರದಿರಬಹುದು. ಆದರೆ ಊರಿನ ಕೆರೆಯ ತೂಬು ಒಡೆದಾಗ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಬೇಕಾಗುತ್ತದೆ. ತೂಬು ಎಂದು ಒಡೆಯಿತು, ಎಷ್ಟು ಹೊಲಗಳಿಗೆ ನೀರು ನಿಂತಿತು, ಆಗಬೇಕಾದುದೇನು ಎಂಬುದನ್ನು ಕ್ರಮವಾಗಿ ಬರೆಯಬಲ್ಲವನ ಅರ್ಜಿಯನ್ನು ಬದಿಗಿಡುವುದು ಸುಲಭವಲ್ಲ. "ದಯವಿಟ್ಟು ನಮ್ಮ ಕಷ್ಟವನ್ನು ಪರಿಹರಿಸಬೇಕು" ಎಂದಷ್ಟೇ ಬರೆದವನ ಅರ್ಜಿಯು ಕಡತದೊಳಗೆ ನಿದ್ರಿಸುತ್ತದೆ. ತನ್ನ ಅಳಲನ್ನು ಬೇರೊಬ್ಬರ ಕೈಯಿಂದ ಬರೆಯಿಸಬೇಕಾದವನು ಅವರ ಮರ್ಜಿಗೆ ಕಾಯಬೇಕು. ತಾನೇ ಬರೆಯಬಲ್ಲವನು ಸ್ವತಂತ್ರ.

ಆದುದರಿಂದ, ತರಗತಿಯಲ್ಲಿ ಹುಡುಗಿಯೊಬ್ಬಳು ತಡವರಿಸುತ್ತ, ಅಲ್ಲಲ್ಲಿ ಕಾಗುಣಿತ ತಪ್ಪುತ್ತ, ತನ್ನ ಅಜ್ಜಿಯ ಹಗೇವನ್ನು ಕುರಿತು ನಾಲ್ಕು ನಿಜವಾದ ವಾಕ್ಯಗಳನ್ನು ಬರೆದರೆ ಅವುಗಳಿಗೆ ಬೆಲೆಯಿದೆ. ಕಾಗುಣಿತವನ್ನು ನಾಳೆ ತಿದ್ದಬಹುದು. ಆ ನಾಲ್ಕು ವಾಕ್ಯಗಳನ್ನು ಅವಳಲ್ಲದೆ ಬೇರೆ ಯಾರೂ ಬರೆಯಲಾರರು.